ಮೊದಲು ಕನ್ನಡ ಅಕ್ಷರ ಕಲಿಸಿ

ಅಮೆರಿಕದಲ್ಲಿ ನಮ್ಮ ಮಕ್ಕಳಿಗೆ ಸಂಸ್ಕೃತ ಅಂದ್ರೆ ಬರೀ ಶ್ಲೋಕ ಬಾಯಿಪಾಠ ಆಗಿದೆ ಎಂದು ಒಂದು ಲೇಖನದಲ್ಲಿ ಓದಿದೆ. ಪೂರ್ತಿ ಹಾಗಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಕೃತ ಭಾರತಿ ಎಂಬ ಸಂಸ್ಥೆ ಅಮೆರಿಕದಲ್ಲೂ ಮಾತಾಡಿಸಿಯೇ ಕಲಿಸುತ್ತದೆ. ಹೈಸ್ಕೂಲ್ ಮಕ್ಕಳಿಗೆ ವಿದೇಶಿ ಭಾಷೆಯಾಗಿ ಕಲಿಯುವ ಕೋರ್ಸೂ ಇದೆ.

ನನಗೆ ಜಾಸ್ತಿ ಬೇಜಾರಾಗುವುದು ಶ್ಲೋಕಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡುವಾಗ. ಸಾಮಾನ್ಯವಾಗಿ ತ, ಟ ಎರಡಕ್ಕೂ ಒಂದೇ ಅಕ್ಷರ ಹಾಕಿರುತ್ತಾರೆ. ಹ್ರಸ್ವ, ದೀರ್ಘ ಎಲ್ಲ ಕಲಸಿಹೋಗುತ್ತದೆ. ಮಗು ಒಮ್ಮೆ ತಪ್ಪು ಕಲಿತರೆ ತಿದ್ದುವುದು ಕಷ್ಟ. ಕನ್ನಡದ ಮನೆಯವರು ಮೊದಲು ಕನ್ನಡ ಲಿಪಿ ಕಲಿಸಿ. ಸಂಸ್ಕೃತಕ್ಕೆ ಬೇಕಾದ ಅಕ್ಷರಗಳೆಲ್ಲ ಅದರಲ್ಲೇ ಇವೆ, ಅಲ್ವಾ? ದೇವನಾಗರಿ ಆಮೇಲೆ ಕಲಿಯಬಹುದು, ವರ್ಣಮಾಲೆಯ ಕ್ರಮ ಅದೇ. ಮನೆಯಲ್ಲಿ ಕನ್ನಡ ಬಿಟ್ಟು, ವಾರಕ್ಕೊಮ್ಮೆ ಸಂಸ್ಕೃತ ಕ್ಲಾಸಿಗೆ ಮಾತ್ರ ಕಳಿಸಬೇಡಿ, ದಯವಿಟ್ಟು.