ಶೇಪ್ ಕೊಟ್ಟೆ

"ಸುಮ್ನೆ ಕೂತಿದ್ದೆ. ಗಿಡ ಜಾಸ್ತಿ ಹರಡಿತ್ತು. ಸ್ವಲ್ಪ ಶೇಪ್ ಕೊಟ್ಟೆ" ಎಂದರು ಭಾವ.

ಕೈಯಲ್ಲಿ ಕತ್ತರಿ, ಮುಖದಲ್ಲಿ ಉಪಕಾರ ಮಾಡಿದ ತೃಪ್ತಿ. ಅವರ ಹಿಂದೆ ನನ್ನ ವೈಬರ್ನಮ್ ಎಂಬ ಹೂವಿನ ಪೊದೆ ಉರುಟಾದ ಚೆಂಡಾಗಿ ನಿಂತಿತ್ತು. ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ಮೇಲಾಗಿ ನಾಲ್ಕು ದಿನಕ್ಕೆಂದು ಬಂದವರು. ಏನು ಹೇಳಲಿಕ್ಕಾಗುತ್ತದೆ? "ಓಹೋ, ನೀಟಾಗಿದೆ ಭಾವ" ಎಂದೆ. ಅದನ್ನು ಕೇಳಿ ಅವರು ಇನ್ನೊಂದು ಗಿಡದ ಕಡೆ ತಿರುಗಿದರು. ಕತ್ತರಿಯನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡು ಒಳಗಿಟ್ಟೆ.

ಅವರು ಸ್ನಾನಕ್ಕೆ ಹೋದ ಮೇಲೆ ನೆಲ ನೋಡಿದೆ. ಬಿದ್ದಿದ್ದ ಪ್ರತಿ ಕಡ್ಡಿಯ ತುದಿಯಲ್ಲೂ ಒಂದು ಪುಟ್ಟ ಗುಬುಟು. ಬೂದು ಮಿಶ್ರಿತ ಕಂದು ಬಣ್ಣ, ಮೈಮೇಲೆ ನವಿರಾದ ರೋಮ. ಉಗುರಿನಿಂದ ಬಿಡಿಸಿದರೆ ಒಳಗೆ ಒತ್ತೊತ್ತಾಗಿ ಕೂತ ಸಣ್ಣ ಕಾಳುಗಳು. ಒಂದೊಂದು ಕಾಳೂ ಒಂದೊಂದು ಹೂವು. ಇದು ಕಾರ್ಲೆಸಿ ಎನ್ನುವ ಜಾತಿ, ಕೊರಿಯಾ ಕಡೆಯದು. ಬರುವ ವಸಂತದ ಹೂವನ್ನು ಹೋದ ಬೇಸಿಗೆಯಲ್ಲೇ ಸಿದ್ಧ ಮಾಡಿಟ್ಟುಕೊಂಡು, ಚಳಿಗಾಲವಿಡೀ ಮೊಗ್ಗನ್ನು ಬರಿಮೈಯಲ್ಲಿ ಹೊತ್ತು ನಿಲ್ಲುತ್ತದೆ. ಅರಳುವಾಗ ಗುಲಾಬಿ ಬಣ್ಣ, ಅರಳಿದ ಮೇಲೆ ಬಿಳಿ. ಹಿತ್ತಲಿಗೆಲ್ಲ ಲವಂಗದಂಥ ಪರಿಮಳ. ಆ ವರ್ಷ ಪರಿಮಳ ಪೂರ್ತಿ ಕಸದ ಬುಟ್ಟಿಗೆ ಹೋಯಿತು.

ಈ ಗಿಡದ ವಿಷಯದಲ್ಲಿ ನೆನಪಿಡಬೇಕಾದ ಮಾತು ಒಂದೇ. ಕತ್ತರಿಸುವುದಿದ್ದರೆ ಹೂ ಮುಗಿದ ಕೂಡಲೇ ಕತ್ತರಿಸಬೇಕು. ಆದರೆ ಹೂ ಮುಗಿಯುವ ಹೊತ್ತಿಗೆ ಎಲ್ಲರಿಗೂ ಬೇರೆ ಕೆಲಸ ಇರುತ್ತದೆ. ಪುರುಸೊತ್ತು ಸಿಗುವುದು ಎಲೆ ಉದುರಿ ಗಿಡ ಬರಡಾಗಿ ಕಾಣುವಾಗ. ಬರಡಾಗಿ ಕಂಡದ್ದನ್ನು ಕತ್ತರಿಸಿದರೆ ಪಾಪವಿಲ್ಲ ಎಂದು ಜನ ಅದು ಹೇಗೋ ತೀರ್ಮಾನಿಸಿಕೊಂಡುಬಿಟ್ಟಿದ್ದಾರೆ.

ಗಿಡ ಕಂಡರೆ ಸಾಕು, ಚೆಂಡು ಮಾಡಬೇಕು ಅನ್ನಿಸುವವರ ಮೇಲೆ ನನಗೆ ಸಿಟ್ಟಿದೆ. ಮರೆಮಾಚುವುದಿಲ್ಲ. ಬಂದವರ ತಲೆಗೆಲ್ಲ ಒಂದೇ ಕಟಿಂಗ್ ಮಾಡಿ ಕಳಿಸುವ ಸಲೂನಿನವನಂತೆ ಇವರೂ. ವೈಬರ್ನಮ್ಮಿನಲ್ಲೇ ಪ್ಲಿಕೇಟಮ್ ಎನ್ನುವ ಜಾತಿಯಲ್ಲಿ ಮರೀಸಿ ಎಂಬ ತಳಿ ಇದೆ. ಅದರ ಕೊಂಬೆಗಳು ಮೇಲಕ್ಕೆ ಹೋಗುವುದಿಲ್ಲ, ಅಡ್ಡಡ್ಡ ಚಾಚುತ್ತವೆ, ಒಂದರ ಮೇಲೊಂದು ಅಂತಸ್ತು ಕಟ್ಟಿದ ಹಾಗೆ. ಕೊಂಬೆಯುದ್ದಕ್ಕೂ ಹೂಗೊಂಚಲು ಸಾಲಾಗಿ ಕೂರುತ್ತವೆ. ಅದರ ಚೆಂದವೇ ಆ ಅಡ್ಡ ಗೆರೆ. ಅದನ್ನೂ ಜನ ಚೆಂಡು ಮಾಡುತ್ತಾರೆ! ತುದಿ ಕತ್ತರಿಸಿದ ಜಾಗದಿಂದ ಸೊಕ್ಕಿದ ಚಿಗುರು ನೆಟ್ಟಗೆ ಮೇಲೆದ್ದು ಆಮೇಲೆ ಅದು ಯಾವ ಗಿಡ ಎಂದು ಅದಕ್ಕೇ ಗೊತ್ತಾಗಬಾರದು, ಹಾಗಾಗುತ್ತದೆ.

ಜಾಗ ಸಾಲದು ಅನ್ನುವವರು ನೆಡುವ ಮೊದಲು ಯೋಚಿಸಬೇಕಿತ್ತು. ಈ ಕುಲದಲ್ಲಿ 150ಕ್ಕಿಂತ ಹೆಚ್ಚು ಜಾತಿಗಳಿವೆ. ಡೇವಿಡೀ ಎನ್ನುವುದು ಎದೆಮಟ್ಟ ದಾಟುವುದೇ ಅಪರೂಪ. ಸೀಬೋಲ್ಡೀಯನ್ನು ಅದರ ಪಾಡಿಗೆ ಬಿಟ್ಟರೆ 5 ಮೀಟರ್ ಏರುತ್ತದೆ. ಅದನ್ನು ಕಿಟಕಿಯ ಕೆಳಗೆ ನೆಟ್ಟು, ವರ್ಷವರ್ಷ ಅದರ ತಲೆ ಬೋಳಿಸಿ, "ಹೂವೇ ಬಿಡಲ್ಲ ಕಣ್ರೀ" ಎಂದರೆ ಗಿಡ ಏನು ಮಾಡಬೇಕು? ನ್ಯಾಯವಾಗಿ ಹೇಳಬೇಕೆಂದರೆ ಟೈನಸ್ ಎಂಬುದೊಂದಿದೆ. ಮೆಡಿಟರೇನಿಯನ್ ಕಡೆಯದು, ಸದಾ ಹಸಿರು. ಅದು ಬೇಲಿಯಂತೆ ಕತ್ತರಿಸಿದರೂ ಮುನಿಸಿಕೊಳ್ಳುವುದಿಲ್ಲ. ಕೈ ತುರಿಸುವವರು ಅದನ್ನು ನೆಡಬಹುದು.

ಹಳೆಯ ಪೊದೆ ದಟ್ಟವಾಗಿ ಉಸಿರುಗಟ್ಟಿದ್ದರೆ ತಲೆ ಮುಟ್ಟಬಾರದು, ಬುಡಕ್ಕೆ ಹೋಗಬೇಕು. ತೀರಾ ಮುದಿಯಾದ ಕಾಂಡಗಳನ್ನು, ವರ್ಷಕ್ಕೆ ಮೂರರಲ್ಲಿ ಒಂದು ಪಾಲಿನಷ್ಟು, ನೆಲಮಟ್ಟಕ್ಕೆ ತೆಗೆದರೆ ಸಾಕು. ಅಲ್ಲಿಂದ ಹೊಸ ಚಿಗುರು ಏಳುತ್ತದೆ. ಗಂಟಿಲ್ಲ, ಡೊಂಕಿಲ್ಲ, ಮಾರುದ್ದ ನೇರ. ಆ ನೇರದ ಬೆಲೆ ಚೆನ್ನಾಗಿ ಗೊತ್ತಿದ್ದವನೊಬ್ಬನಿದ್ದ. ಅವನ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1991ರ ಸೆಪ್ಟೆಂಬರ್ 19. ಆಸ್ಟ್ರಿಯಾ ಮತ್ತು ಇಟಲಿಯ ಗಡಿಯಲ್ಲಿ, ಆಲ್ಪ್ಸ್ ಪರ್ವತದ ಮೇಲೆ ಸುಮಾರು 3,210 ಮೀಟರ್ ಎತ್ತರದಲ್ಲಿ, ಬೆಟ್ಟ ಸುತ್ತಲು ಬಂದಿದ್ದ ಗಂಡ ಹೆಂಡತಿಗೆ ಹಿಮದೊಳಗಿಂದ ಅರ್ಧ ಹೊರಬಂದಿದ್ದ ಹೆಣವೊಂದು ಕಂಡಿತು. ಇತ್ತೀಚೆಗೆ ಬಿದ್ದು ಸತ್ತ ಯಾರೋ ಚಾರಣಿಗ ಎಂದುಕೊಂಡರು. ಪರೀಕ್ಷೆ ಮಾಡಿ ನೋಡಿದರೆ ಅವನು ಸತ್ತು ಸುಮಾರು 5,300 ವರ್ಷವಾಗಿತ್ತು. ಓಟ್ಸಿ ಎಂದು ಹೆಸರಾಯಿತು. ಈಗ ಇಟಲಿಯ ಬೊಲ್ಜಾನೊ ಊರಿನ ಮ್ಯೂಸಿಯಮ್ಮಿನಲ್ಲಿ ತಣ್ಣಗೆ ಮಲಗಿದ್ದಾನೆ. ಜನ ಅವನ ತಾಮ್ರದ ಕೊಡಲಿಯನ್ನು ಬೆರಗಿನಿಂದ ನೋಡುತ್ತಾರೆ, ಮೈಮೇಲಿನ ಹಚ್ಚೆಗಳ ಬಗ್ಗೆ ಮಾತಾಡುತ್ತಾರೆ. ನನಗೆ ಆಸಕ್ತಿ ಅವನ ಬತ್ತಳಿಕೆಯಲ್ಲಿ.

ಬತ್ತಳಿಕೆಯಲ್ಲಿ 14 ಬಾಣದ ಕಡ್ಡಿಗಳಿದ್ದವು. ವೈಬರ್ನಮ್ ಲಂಟಾನದ ಕಡ್ಡಿಗಳು. ಉದ್ದ 84ರಿಂದ 90 ಸೆಂಟಿಮೀಟರ್. ಕಾರ್ಲೆಸಿಯ ದಾಯಾದಿಯೇ ಅದು, ನಮ್ಮ ಬೇಲಿಯ ಲಂಟಾನ ಅಲ್ಲ. ಅವುಗಳಲ್ಲಿ ಗರಿ ಕಟ್ಟಿ, ಚಕಮಕಿ ಕಲ್ಲಿನ ಮೊನೆ ಕೂರಿಸಿ ಪೂರ್ತಿ ಮಾಡಿದ್ದು ಎರಡೇ. ಆ ಎರಡೂ ಮುರಿದಿದ್ದವು. ಉಳಿದ 12 ಕಡ್ಡಿಗಳು ತೊಗಟೆ ಸುಲಿಸಿಕೊಂಡು, ಅರೆಬರೆ ನಯವಾಗಿ, ಹಾಗೇ ಕೂತಿದ್ದವು. ಬಿಲ್ಲಾದರೂ ಇತ್ತಾ? ಇತ್ತು. ಯೂ ಮರದ್ದು, 1.82 ಮೀಟರ್ ಉದ್ದ. ಅವನೇ ಇದ್ದದ್ದು ಸುಮಾರು 1.60 ಮೀಟರ್. ಆ ಬಿಲ್ಲೂ ಕೆತ್ತಿ ಮುಗಿದಿರಲಿಲ್ಲ.

ಬಿಲ್ಲು ಮುಗಿದಿಲ್ಲ, ಬಾಣ ಮುಗಿದಿಲ್ಲ, ಮಹಾರಾಯ ಬೆಟ್ಟ ಹತ್ತಿದ್ದಾನೆ. ಮನೆಯಲ್ಲಿ ಯಾರಾದರೂ "ಅದೊಂದು ಮುಗಿಸಿ ಹೋಗಬಾರದಾ" ಅಂದಿರಲಿಕ್ಕೂ ಸಾಕು. "ದಾರಿಯಲ್ಲಿ ಮಾಡಿಕೊಳ್ತೀನಿ ಬಿಡು" ಅಂದಿರುತ್ತಾನೆ. 2001ರಲ್ಲಿ ಎಕ್ಸ್‌ರೇ ತೆಗೆದಾಗ ಅವನ ಎಡಭುಜದೊಳಗೆ ಕಲ್ಲಿನ ಬಾಣದ ಮೊನೆಯೊಂದು ಸಿಕ್ಕಿತು. ಹಿಂದಿನಿಂದ ಹೊಡೆದಿದ್ದರು. ಹೊಡೆದವನು ಮಾತ್ರ ತನ್ನ ಕೆಲಸ ಮುಗಿಸಿಕೊಂಡೇ ಹೊರಟವನು. ಆ ಬಾಣಕ್ಕೆ ಯಾವ ಮರದ ಕಡ್ಡಿ ಹಾಕಿದ್ದರೋ, ಕಡ್ಡಿ ಸಿಕ್ಕಿಲ್ಲ.

ನನ್ನನ್ನು ಕಾಡುವುದು ಆ ಪೊದೆ. ಒಂದೇ ಅಳತೆಯ 14 ನೇರ ಕಡ್ಡಿಗಳು ಯಾರೂ ಮುಟ್ಟದ ಪೊದೆಯಲ್ಲಿ ಸುಮ್ಮನೆ ಸಿಗುವುದಿಲ್ಲ. ಯಾರೋ ಮೊದಲೇ ಅದರ ಬುಡ ಕತ್ತರಿಸಿ, ಚಿಗುರು ಬರಲಿ ಎಂದು ಕಾದಿರಬೇಕು. ಇದು ನನ್ನ ಊಹೆ, ವಿದ್ವಾಂಸರನ್ನು ಎಳೆದು ತರಬೇಡಿ. ಆದರೆ ಹಾಗೆ ಕಾದವನು ಪೊದೆಯ ಮೇಲೆ ಕತ್ತರಿ ಆಡಿಸಿ ಚೆಂಡು ಮಾಡಿರಲಾರ, ಅಷ್ಟಂತೂ ಗ್ಯಾರಂಟಿ. ಅಟ್ಲಾಂಟಿಕ್ ಸಾಗರದ ಆಚೆ, ಉತ್ತರ ಅಮೆರಿಕದ ಮೂಲನಿವಾಸಿಗಳೂ ಡೆಂಟೇಟಮ್ ಎಂಬ ಇದರದೇ ಬಳಗದ ಗಿಡದಿಂದ ಬಾಣದ ಕಡ್ಡಿ ಮಾಡುತ್ತಿದ್ದರು. ಇವರಿಗೂ ಅವರಿಗೂ ಪರಿಚಯವಿಲ್ಲ, ಮಾತಿಲ್ಲ, ನಡುವೆ ಒಂದು ಸಮುದ್ರ. ಕೈ ಹೋದದ್ದು ಮಾತ್ರ ಅದೇ ಪೊದೆಯ ಬುಡಕ್ಕೆ. ಇದರಿಂದ ಏನೋ ಒಂದು ದೊಡ್ಡ ವಿಷಯ ಹೊರಡುತ್ತದೆ ಎಂದು ಬಹಳ ಕಾಲದಿಂದ ಅನ್ನಿಸುತ್ತಿದೆ. ಏನೆಂದು ಇನ್ನೂ ಹೊಳೆದಿಲ್ಲ.

ಡೆಂಟೇಟಮ್ ನನ್ನಲ್ಲೂ ಒಂದಿದೆ, ಕಾರ್ಲೆಸಿಯ ಪಕ್ಕದಲ್ಲೇ. ಅದನ್ನು ಭಾವ ಮುಟ್ಟಿರಲಿಲ್ಲ. "ಇದರ ಶೇಪ್ ಚೆನ್ನಾಗೇ ಇತ್ತಲ್ಲ" ಎಂದರು. ತಮಾಷೆ ಏನೆಂದರೆ, ಆ ಚಳಿಗಾಲದಲ್ಲಿ ನಿಜವಾಗಿ ಕತ್ತರಿ ಬೇಕಾಗಿದ್ದದ್ದು ಅದಕ್ಕೆ.

ಎಲೆ ತಿನ್ನುವ ಒಂದು ಜೀರುಂಡೆ ಇದೆ. ಸಣ್ಣದು, ಕಂದು ಬಣ್ಣ, ನೋಡಿದರೆ ಪಾಪ ಅನ್ನಿಸುತ್ತದೆ. ಯೂರೋಪಿನಿಂದ ಹೊರಟು 1947ರಲ್ಲಿ ಕೆನಡಾದಲ್ಲಿ ಕಾಣಿಸಿಕೊಂಡು ಆಮೇಲೆ ಹಬ್ಬಿತು. ವೈಬರ್ನಮ್ ಬಿಟ್ಟು ಬೇರೆ ಕಡೆ ಮುಖ ಹಾಕುವುದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಹೆಣ್ಣು ಎಳೆಯ ರೆಂಬೆಯ ಕೆಳಮೈಯಲ್ಲಿ ಸಾಲಾಗಿ ಗುಳಿ ಕೊರೆದು ಮೊಟ್ಟೆಯಿಡುತ್ತದೆ. ಇಟ್ಟ ಮೇಲೆ ಅಗಿದ ತೊಗಟೆಯನ್ನೂ ತನ್ನ ಹಿಕ್ಕೆಯನ್ನೂ ಕಲಸಿ ಪ್ರತಿ ಗುಳಿಗೂ ಮುಚ್ಚಳ ಹಾಕುತ್ತದೆ. ರೆಂಬೆಯನ್ನು ಮಗುಚಿ ನೋಡಿದರೆ ಹೊಲಿಗೆ ಹಾಕಿದ ಹಾಗೆ ಕಪ್ಪು ಚುಕ್ಕಿಗಳ ನೇರ ಸಾಲು. ಬೆರಳಾಡಿಸಿದರೆ ತರಿತರಿ. ಮೊಟ್ಟೆಗಳು ಚಳಿಗಾಲ ಅಲ್ಲೇ ಕಳೆದು, ವಸಂತದಲ್ಲಿ ಒಡೆದು, ಮರಿಹುಳಗಳು ಎಲೆಯ ನರ ಮಾತ್ರ ಉಳಿಸಿ ಬಾಕಿಯೆಲ್ಲ ತಿಂದುಹಾಕುತ್ತವೆ. ಸಾಲದ್ದಕ್ಕೆ ಬೇಸಿಗೆಯಲ್ಲಿ ದೊಡ್ಡವಾಗಿ ಬಂದು ಮತ್ತೊಂದು ಪಂಕ್ತಿ. ಕೆಲವು ವರ್ಷ ಬಿಡದೆ ಹೀಗಾದರೆ ಗಿಡವೇ ಸಾಯುತ್ತದೆ. ಔಷಧಿ ಹೊಡೆಯುವುದಕ್ಕಿಂತ ಸುಲಭದ ದಾರಿ, ಮೊಟ್ಟೆ ಒಡೆಯುವ ಮೊದಲು ಆ ಚುಕ್ಕಿ ಸಾಲಿನ ರೆಂಬೆಗಳನ್ನು ಹುಡುಕಿ ಕತ್ತರಿಸಿ ನಾಶ ಮಾಡುವುದು. ಡೆಂಟೇಟಮ್ ಅಂದರೆ ಅದಕ್ಕೆ ಪ್ರಾಣ. ಕಾರ್ಲೆಸಿಯ ಮೇಲೆ ಅಷ್ಟು ಮನಸ್ಸಿಲ್ಲ. ಅಂದರೆ ಜೀರುಂಡೆ ಬಿಟ್ಟದ್ದನ್ನು ಭಾವ ಮುಗಿಸಿದರು, ಭಾವ ಬಿಟ್ಟದ್ದನ್ನು ಜೀರುಂಡೆ ನೋಡಿಕೊಳ್ಳಲಿತ್ತು. ಸಂಜೆವರೆಗೆ ಬಗ್ಗಿ ಒಂದೊಂದೇ ರೆಂಬೆ ಮಗುಚಿ ನೋಡಿ ಕತ್ತರಿಸಿದೆ. "ಅದನ್ಯಾಕೆ ಹಾಳು ಮಾಡ್ತೀಯೋ, ಚೆನ್ನಾಗಿತ್ತಲ್ಲ" ಎಂಬ ಮಾತು ಒಳಗಿನಿಂದ ಬಂತು. ಕೇಳಿಸಲಿಲ್ಲ ಎಂಬಂತಿದ್ದೆ.

ಆ ಡೆಂಟೇಟಮ್ಮಿನ ಬುಡದಲ್ಲಿ ಎದ್ದ ಒಂದು ಮರಿಯನ್ನು ಪಕ್ಕದ ಮನೆಯವರಿಗೆ ಬೇರುಸಹಿತ ಕಿತ್ತು ಕೊಟ್ಟಿದ್ದೆ. ಕಡುನೀಲಿ ಹಣ್ಣು ಬಿಡುತ್ತದೆ, ಹಕ್ಕಿ ಬರುತ್ತವೆ ಎಂದು ಕೇಳಿ ಅವರಿಗೆ ಆಸೆಯಾಗಿತ್ತು. ಗಿಡ ಬೆಳೆಯಿತು, ಹೂವೂ ಬಂತು. ಹಣ್ಣು ಬರಲಿಲ್ಲ. ಬೇಲಿಯಾಚೆಯಿಂದ ತಕರಾರು ಶುರುವಾಯಿತು. "ನೀವು ಕೊಟ್ಟಿದ್ದು ಗೊಡ್ಡು ಕಣ್ರೀ."

ಗೊಡ್ಡಲ್ಲ. ಈ ಗಿಡ ತನ್ನ ಪರಾಗಕ್ಕೆ ತಾನೇ ಹಣ್ಣು ಕಟ್ಟುವುದು ಬಲು ಕಡಿಮೆ. ಅದೇ ಜಾತಿಯ ಬೇರೆ ಗಿಡ ಹತ್ತಿರದಲ್ಲಿರಬೇಕು, ಎರಡೂ ಒಟ್ಟಿಗೆ ಅರಳಬೇಕು. ನನ್ನ ಗಿಡದ ಮರಿ ಎಂದರೆ ಅದು ನನ್ನ ಗಿಡವೇ. ಜಾಗ ಬೇರೆ ಅಷ್ಟೇ. ಎರಡು ಮನೆಯಲ್ಲಿದ್ದರೂ ಲೆಕ್ಕಕ್ಕೆ ಒಂದೇ. ಇದನ್ನೆಲ್ಲ ಬಿಡಿಸಿ ಹೇಳಿ, "ಇನ್ನೊಂದು ಡೆಂಟೇಟಮ್ ತನ್ನಿ, ಬೇರೆ ತಳಿಯದು, ಇದರ ಜೊತೆಗೇ ಹೂ ಬಿಡುವಂಥದ್ದು. ನನಗೂ ಹಣ್ಣಾಗುತ್ತೆ, ನಿಮಗೂ ಹಣ್ಣಾಗುತ್ತೆ" ಎಂದೆ. ಅವರು ತಲೆಯಾಡಿಸಿ ನರ್ಸರಿಗೆ ಹೋದರು.

ತಂದದ್ದು ಆಪ್ಯುಲಸ್ ಜಾತಿಯ ರೋಸಿಯಮ್ ಎಂಬ ತಳಿ. ಕೈತುಂಬುವ ಬಿಳಿ ಗುಂಡು ಹೂಗೊಂಚಲು, ಒಂದೊಂದೂ ಎಳೆಹಸಿರಾಗಿ ಶುರುವಾಗಿ ಬೆಳ್ಳಗಾಗುವಂಥದ್ದು. ಜಾತಿಯೇ ಬೇರೆ. ಅದಿರಲಿ, ಕಾಡಿನ ಆಪ್ಯುಲಸ್‌ನಲ್ಲಿ ಗೊಂಚಲಿನ ಅಂಚಿಗೆ ಮಾತ್ರ ದೊಡ್ಡ ಬಂಜೆ ಹೂಗಳಿದ್ದು, ನಡುವಿನ ಸಣ್ಣವು ಹಣ್ಣಾಗುತ್ತವೆ. ರೋಸಿಯಮ್‌ನಲ್ಲಿ ಅಂಚೂ ನಡುವೂ ಎಲ್ಲ ಬಂಜೆ ಹೂಗಳೇ. ಪರಾಗವೂ ಇಲ್ಲ, ಹಣ್ಣಂತೂ ಇಲ್ಲವೇ ಇಲ್ಲ.

"ಇದನ್ಯಾಕೆ ತಂದಿರಿ?" ಎಂದು ಕೇಳಿದೆ.

"ಅಲ್ಲಿ ಇಟ್ಟಿದ್ದರಲ್ಲಿ ಇದೇ ಚೆನ್ನಾಗಿತ್ತು" ಎಂದರು. ಚೆನ್ನಾಗಿಯೇ ಇತ್ತು, ಅದಕ್ಕೆ ನಾನೇನು ಹೇಳಲಿ? ನಾಳೆ ಅವರು ಊರಿನಲ್ಲಿ ಇರುವುದಿಲ್ಲವಂತೆ, ಅದಕ್ಕೆ ನೀರು ಹಾಕುವ ಕೆಲಸವೂ ನನ್ನದೇ.