ಬಂದಳಿಕೆಯ ಪರವಾಗಿ ಒಂದು ವಕಾಲತ್ತು

ಪರರ ಮನೆಯಲ್ಲಿ ಉಂಡು ಕೂತವರನ್ನು ಬಂದಳಿಕೆ ಎಂದು ಬೈಯುವುದನ್ನು ಕೇಳಿದಾಗಲೆಲ್ಲ ನನಗೆ ಮರದ ಕೊಂಬೆಗೆ ಅಂಟಿ ಅದರ ನೀರು ಹೀರಿ ಬೆಳೆಯುವ ಆ ಗಿಡದ ಪರವಾಗಿ ವಾದಿಸುವ ಹುಕಿ ಬರುತ್ತದೆ. ಬೈಯುವವರು ಕಂಡಿರುವುದು ಕೊಂಬೆಯ ಮೇಲೆ ಕೊಬ್ಬಿ ನಿಂತ ಪೊದೆಯನ್ನು ಮಾತ್ರ. ಆ ಪೊದೆಯ ಎಳವೆ ಬೇರೆಯದೇ ಕಥೆ.

ಬದನಿಕೆ ಎಂಬ ಪುಟ್ಟ ಹಕ್ಕಿ ನುಂಗಿದ ಬಂದಳಿಕೆ ಹಣ್ಣಿನ ಬೀಜ ಅರ್ಧ ಗಂಟೆಯೊಳಗೆ ಅಂಟಿನ ಸಮೇತ ಹೊರಬೀಳುತ್ತದೆ. ಅದನ್ನು ಬಿಡಿಸಿಕೊಳ್ಳಲು ಹಕ್ಕಿ ತನ್ನ ಹಿಂಬದಿಯನ್ನು ಕೊಂಬೆಗೆ ಒರೆಸುತ್ತದೆ. ಬಿತ್ತನೆ ಎಂದರೆ ಇಷ್ಟೇ! ಅಂಟು ಒಣಗಿ ಗೋಂದಿನಂತೆ ಬಿಗಿಯುತ್ತದೆ. ಆದರೆ ಈ ಬೀಜಕ್ಕೆ ಗಟ್ಟಿ ಹೊರಸಿಪ್ಪೆಯೇ ಇಲ್ಲ. ಮಣ್ಣಿನ ಬೀಜಗಳಂತೆ ಒಳ್ಳೆಯ ಕಾಲಕ್ಕಾಗಿ ವರ್ಷಗಟ್ಟಲೆ ಕಾಯುವ ಸೌಕರ್ಯ ಅದಕ್ಕಿಲ್ಲ. ಮರ ಸಿಕ್ಕಿದೆಯೋ ಇಲ್ಲವೋ ಎಂದು ವಿಚಾರಿಸುವುದೂ ಇಲ್ಲ. ತಂತಿಯ ಮೇಲೆ ಬಿದ್ದರೆ ಅಲ್ಲೂ ಮೊಳೆಯುತ್ತದೆ, ಕೂಡಿಟ್ಟ ಆಹಾರ ತೀರಿದ ಮೇಲೆ ಅಲ್ಲೇ ಸಾಯುತ್ತದೆ. ಹೆಚ್ಚಿನ ಬೀಜಗಳ ಪಾಡು ಹೀಗೆಯೇ ಮುಗಿಯುವುದು.

ನನಗೆ ಬಹಳ ಹಿಡಿಸಿದ್ದು ಮೊಳಕೆಯ ನಡೆ. ಉಳಿದ ಗಿಡಗಳ ಚಿಗುರು ಬೆಳಕಿನತ್ತ ಬಾಗಿದರೆ, ಇದರ ಹಸಿರು ದಂಟು ಬೆಳಕಿಗೆ ಬೆನ್ನು ಹಾಕಿ ಕತ್ತಲಿನತ್ತ, ಅಂದರೆ ತೊಗಟೆಯತ್ತ ಬಗ್ಗುತ್ತದೆ. ತೊಗಟೆ ತಾಗಿದ ತುದಿ ಅಗಲವಾಗಿ ಬಿಲ್ಲೆಯಂತೆ ಕಚ್ಚಿಕೊಳ್ಳುತ್ತದೆ. ಬಿಲ್ಲೆಯ ಅಡಿಯಿಂದ ಹೊರಟ ಹೀರುಬೇರು ತೊಗಟೆಯನ್ನು ಸೀಳಿಕೊಂಡು ಒಳನುಗ್ಗಬೇಕು. ಮರವೂ ಸುಮ್ಮನಿರುವುದಿಲ್ಲ, ಬೆಂಡಿನ ಪದರ ಕಟ್ಟಿ ಅದನ್ನು ತಡೆಯಲು ನೋಡುತ್ತದೆ. ತೊಗಟೆ ತೆಳುವಾದ ಎಳೆಯ ಕೊಂಬೆಗಳಲ್ಲಿ ನಾಟುವುದು ಸುಲಭ ಎನ್ನುವುದು ಇದಕ್ಕೇ. ನೀರು ಹರಿಯುವ ಕೊಳವೆಗಳಿಗೆ ಬೇರು ತಲುಪುವವರೆಗೆ ಈ ಪುಟಾಣಿ ಬದುಕುವುದು ತನ್ನದೇ ಬುತ್ತಿಯಿಂದ, ಜೊತೆಗೆ ತನ್ನ ಹಸಿರಿನಲ್ಲಿ ತಾನೇ ಬೇಯಿಸಿಕೊಂಡ ಸಕ್ಕರೆಯಿಂದ. ಇದನ್ನು ಸೋಮಾರಿ ಎನ್ನುವುದು ಹೇಗೆ?

ಯುರೋಪಿನ ವಿಸ್ಕಮ್ ಆಲ್ಬಮ್ ಎಂಬ ಬಂದಳಿಕೆಗೆ ನಿಜವಾದ ಎಲೆ ಮೂಡಲು ಸಾಮಾನ್ಯವಾಗಿ ಎರಡನೆಯ ವರ್ಷ ಬರಬೇಕು. ಆಮೇಲೆ ವರ್ಷಕ್ಕೊಂದು ಕವಲು. ಕವಲುಗಳನ್ನೆಣಿಸಿ ಗಿಡದ ವಯಸ್ಸನ್ನು ಅಂದಾಜು ಮಾಡಬಹುದು.

ಮರಕ್ಕೆ ನಷ್ಟವಿಲ್ಲ ಎಂದು ನಾನು ಹೇಳುತ್ತಿಲ್ಲ. ಬಂದಳಿಕೆಯ ಎಲೆಗಳು ಮರದ ಎಲೆಗಳಿಗಿಂತ ಧಾರಾಳವಾಗಿ ನೀರನ್ನು ಆವಿಯಾಗಿಸುತ್ತವೆ. ಅದರಾಚೆಗಿನ ಕೊಂಬೆಯ ತುದಿ ಸೊರಗಿ ಒಣಗುವುದೂ ಉಂಟು. ತೆಗೆಯಲೇಬೇಕಾದರೆ ಅಂಟಿದ ಜಾಗದಿಂದ ಸಾಕಷ್ಟು ಕೆಳಗೆ, ಕಾಂಡದ ಕಡೆಗೆ, ಕೊಂಬೆಯನ್ನೇ ಕತ್ತರಿಸಬೇಕು. ಪೊದೆಯನ್ನಷ್ಟೇ ಕಿತ್ತೆಸೆದು ಕೈ ಕೊಡವಿಕೊಂಡರೆ, ತೊಗಟೆಯೊಳಗೆ ಉಳಿದ ಬೇರು ಮತ್ತೆ ಚಿಗುರೊಡೆಯುತ್ತದೆ.