ಗೊಂಬೆ ಬಂದಿದ್ದು ಚಿಕ್ಕಬಳ್ಳಾಪುರಕ್ಕೆ, ನೋಡಿದ್ದು ತಾಜ್ ಮಹಲು

ಇವತ್ತು ಶಾಲೆಯೊಂದರ ವಸ್ತುಪ್ರದರ್ಶನದಲ್ಲಿ ಕಂಡದ್ದನ್ನ ಇಲ್ಲಿ ಕಕ್ಕದೇ ಹೋದರೆ ರಾತ್ರಿ ಊಟ ಸೇರಲ್ಲ. ಯಾವ ಶಾಲೆ ಅಂತ ಕೇಳಬೇಡಿ, ಹೇಳಲ್ಲ. ಚಿಕ್ಕಬಳ್ಳಾಪುರದ ಕಡೆಯದೇ ಅಂದ್ಕೊಳ್ಳಿ. ಕೆನಡಾದ ಮಕ್ಕಳು ಅಂಚೆಯಲ್ಲಿ ಕಳಿಸಿದ್ದ ಒಂದು ಕಾಗದದ ಗೊಂಬೆ, ಪಕ್ಕದಲ್ಲಿ ಆ ಗೊಂಬೆ ನಮ್ಮೂರಲ್ಲಿ ಏನೇನು ನೋಡಿತು ಅನ್ನೋ ಡೈರಿ. ತೆಗೆದರೆ ಮೊದಲನೇ ಪುಟ ತಾಜ್ ಮಹಲು. ಆಮೇಲೆ ಹುಲಿ. ಆಮೇಲೆ ನವಿಲು. ಆಮೇಲೆ ಕೆಂಪುಕೋಟೆ. ಎಲ್ಲವೂ ಸೈಬರ್ ಸೆಂಟರಿನ ಕಲರ್ ಪ್ರಿಂಟು, ಅದರ ಮೇಲೆ ಗೊಂಬೆಯ ಫೋಟೋ ಕತ್ತರಿಸಿ ಅಂಟಿಸಿದ್ದು. ಕೆಳಗೆ ಮುತ್ತು ಪೋಣಿಸಿದಂಥ ಇಂಗ್ಲಿಷ್ ಅಕ್ಷರ. ಮೂರನೇ ಕ್ಲಾಸಿನ ಮಗುವಿನದಂತೆ! ಬಿ.ಎಡ್. ಮುಗಿಸಿದ ಕೈ ಅದು, ನೋಡಿದರೆ ಗೊತ್ತಾಗಲ್ವಾ?

ಅಷ್ಟು ದೂರದಿಂದ ಬಂದ ಗೊಂಬೆ, ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದ ಪಕ್ಕದಲ್ಲೇ ಇದ್ದು ಒಂದು ರೇಷ್ಮೆಗೂಡನ್ನೂ ನೋಡದೆ ವಾಪಸ್ ಹೊರಟಿದೆ.

ಇದೇನಿದು ಗೊಂಬೆ ಅನ್ನೋರಿಗೆ ಚುಟುಕಾಗಿ ಹೇಳ್ತೀನಿ. 1964ರಲ್ಲಿ ಜೆಫ್ ಬ್ರೌನ್ ಅನ್ನೋ ಅಮೆರಿಕದ ಲೇಖಕರು ‘ಫ್ಲ್ಯಾಟ್ ಸ್ಟ್ಯಾನ್ಲಿ’ ಅಂತ ಮಕ್ಕಳ ಪುಸ್ತಕ ಬರೆದರು. ಮಲಗಿದ್ದ ಹುಡುಗನ ಮೇಲೆ ನೋಟೀಸು ಬೋರ್ಡು ಬಿದ್ದು ಅರ್ಧ ಇಂಚು ದಪ್ಪಕ್ಕೆ ಚಪ್ಪಟೆಯಾಗ್ತಾನೆ. ಟಿಕೆಟ್ ಖರ್ಚು ಯಾಕೆ ಅಂತ ಅವನನ್ನ ಲಕೋಟೆಗೆ ಹಾಕಿ ಕ್ಯಾಲಿಫೋರ್ನಿಯಾಕ್ಕೆ ಪೋಸ್ಟ್ ಮಾಡ್ತಾರೆ. 1995ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್ ಅನ್ನೋ ಊರಿನ ಮೂರನೇ ತರಗತಿ ಮೇಷ್ಟ್ರು ಡೇಲ್ ಹ್ಯೂಬರ್ಟ್ ಇದನ್ನೇ ಪಾಠ ಮಾಡಿದರು. ಮಕ್ಕಳು ಗೊಂಬೆ ಕತ್ತರಿಸಿ, ಬಣ್ಣ ಹಚ್ಚಿ, ಬೇರೆ ಊರಿನ ಶಾಲೆಗೆ ಕಳಿಸೋದು. ಅಲ್ಲಿನ ಮಕ್ಕಳು ಅದನ್ನ ನೆಂಟನ ಹಾಗೆ ಇಟ್ಕೊಂಡು, ಊರು ಸುತ್ತಿಸಿ, ಕಂಡದ್ದನ್ನ ಬರೆದು ವಾಪಸ್ ಕಳಿಸೋದು. ಅಷ್ಟೇ ಕಣ್ರೀ ವಿಷಯ. ಮಗು ಕಂಡದ್ದನ್ನ ಮಗು ಬರೀಬೇಕು.

‘ಅಲ್ಲಿನ ಮಕ್ಕಳಿಗೆ ಚಿಕ್ಕಬಳ್ಳಾಪುರ ಎಲ್ಲಿ ಗೊತ್ತು, ಇಂಡಿಯಾ ಅಂದ್ರೆ ತಾಜ್ ಮಹಲೇ ಅಲ್ವಾ’ ಅಂತ ಅಲ್ಲಿದ್ದ ಮಿಸ್ ಒಬ್ಬರು ಅಂದರು. ಸರಿ ತಾಯಿ, ತಾಜ್ ಮಹಲು ಅವರಿಗೆ ಗೊತ್ತು. ಗೊತ್ತಿರೋದನ್ನೇ ನೋಡೋಕೆ ಗೊಂಬೆಯನ್ನ ಇಲ್ಲಿಗೆ ಯಾಕೆ ಕಳಿಸ್ತಾರೆ, ಗೂಗಲ್ ಅವರ ಹತ್ರಾನೂ ಇದೆ. ಮದುವೆಗೆ ಬಂದೋರಿಗೆ ಪಕ್ಕದ ಛತ್ರದ ಮೆನು ಓದಿ ಹೇಳಿ ಕಳಿಸಿದ ಹಾಗಾಯ್ತು.

ಗೊಂಬೆ ಫೋಟೋಕ್ಕೆ ನಿಲ್ಲಿಸೋ ವಸ್ತು ಅಷ್ಟೇ ಅಲ್ಲ, ಅದು ಅಳತೆಗೋಲು. 20 ಸೆಂಟಿಮೀಟರ್ ಎತ್ತರಕ್ಕೆ ಮಾಡಿದರೆ ಕಳಿಸಿದ ಮಗುವಿಗೆ ಅದರ ಎತ್ತರ ಕೈಬೆರಳಲ್ಲೇ ಗೊತ್ತಿರುತ್ತೆ. ಪಕ್ಕದಲ್ಲಿ ಒಂದು ರೇಷ್ಮೆಗೂಡು ಇಟ್ಟು ಫೋಟೋ ತೆಗೀರಿ, ಗೂಡಿನ ಗಾತ್ರ ಹೇಳೋದೇ ಬೇಡ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ಸಾವಿರ ಅಡಿ ದಾಟುತ್ತೆ ಅಂತ ಬರೆದರೆ ಆ ಮಗುವಿಗೆ ಏನೂ ಅನ್ನಿಸಲ್ಲ. ‘ನಿಮ್ಮ ಗೊಂಬೆಯಂಥವು 1,524 ಒಂದರ ಮೇಲೊಂದು ನಿಲ್ಲಿಸಿದರೆ ಸಾವಿರ ಅಡಿ, ನಮಗೆ ನೀರು ಅಷ್ಟು ಕೆಳಗೆ’ ಅಂತ ಬರೀರಿ, ಕ್ಲಾಸಿಗೆ ಕ್ಲಾಸೇ ಬಾಯಿ ತೆರೆಯುತ್ತೆ. ಕೆಜಿಎಫ್ ಮಕ್ಕಳಿಗಂತೂ ಹಬ್ಬ. 2001ರಲ್ಲಿ ಮುಚ್ಚಿದ ಅಲ್ಲಿನ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಅನ್ನೋ ಭಾಗ ಮೂರು ಕಿಲೋಮೀಟರಿಗೂ ಆಳ, ಹದಿನೈದು ಸಾವಿರ ಗೊಂಬೆ ಸಾಲದು. ಈ ಲೆಕ್ಕ ಬಿಟ್ಟು ಹುಲಿ ಅಂಟಿಸ್ತಾರೆ. ನಮ್ಮ ತಾಲ್ಲೂಕಲ್ಲಿ ಹುಲಿ ಎಲ್ಲಿದೆ ಸ್ವಾಮಿ?

ರೇಷ್ಮೆ ಒಂದರಲ್ಲೇ ಡೈರಿ ತುಂಬುತ್ತೆ. ಹಿಪ್ಪುನೇರಳೆ ಸೊಪ್ಪು ಕೊಯ್ಯೋದು, ಹುಳುವಿನ ನಾಲ್ಕು ಜ್ವರ (ಮೇವು ಬಿಟ್ಟು ಪೊರೆ ಕಳಚೋ ಹೊತ್ತು), ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟೆಗೆ, ಬಿಡೋದು, ಮಾರ್ಕೆಟ್ಟಲ್ಲಿ ಹರಾಜು, ಬಿಸಿನೀರಲ್ಲಿ ಗೂಡು ಬೇಯಿಸಿ ನೂಲು ಬಿಚ್ಚೋದು. ಒಂದೊಂದು ಪುಟಕ್ಕೆ ಒಂದೊಂದು. ಒಂದು ಎಚ್ಚರ ಮಾತ್ರ: ಊರೂರು ಸುತ್ತಿ ಬಂದ ಗೊಂಬೆಯನ್ನ ಹುಳುವಿನ ತಟ್ಟೆ ಮೇಲೆ ಇಡಬೇಡಿ. ಸಾಕೋ ಮನೆಯಲ್ಲಿ ಕೈಕಾಲು ತೊಳೆಯದೆ ನಮ್ಮನ್ನೇ ಒಳಗೆ ಬಿಡಲ್ಲ, ಗೊಂಬೆಗೆ ಯಾಕೆ ರಿಯಾಯಿತಿ? ಬಾಗಿಲಲ್ಲಿ ನಿಲ್ಲಿಸಿ ಫೋಟೋ ಹೊಡೀರಿ. ಮಕ್ಕಳ ಮುಖ ಫೋಟೋದಲ್ಲಿ ಬೇಡ, ಗೊಂಬೆ ಹಿಡಿದ ಕೈ ಸಾಕು. ವಿಳಾಸ ಶಾಲೆಯದು, ಮನೆಯದಲ್ಲ.

ಗೊಂಬೆ ಮಾಡೋದರಲ್ಲೂ ಇದೇ ರೋಗ, ಮಗುವಿನ ಕೈಯಿಂದ ಕಿತ್ಕೊಳ್ಳೋದು. ಅಂಗಡಿಯಲ್ಲಿ ಅಚ್ಚಿನಲ್ಲಿ ಕತ್ತರಿಸಿಟ್ಟ ಡೈ-ಕಟ್ ಗೊಂಬೆ ತಂದು, ಲ್ಯಾಮಿನೇಟ್ ಮಾಡಿಸಿ, ಗ್ಲಿಟರ್ ಸುರಿದು... ಗ್ಲಿಟರ್ ಕಂಡರೆ ನನಗೆ ಮೈ ಉರಿಯುತ್ತೆ, ಅದು ಬೇರೆ ಮಾತು. 200 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 200 ಗ್ರಾಂ ತೂಗೋ ಕಾರ್ಡ್‌ಶೀಟ್ ಸಾಕು. 20 ಸೆಂ.ಮೀ. ಎತ್ತರ, 9 ಸೆಂ.ಮೀ. ಅಗಲ, ತೂಕ 4 ಗ್ರಾಂ ಒಳಗೆ. ಹರಿಯೋದು ಯಾವಾಗಲೂ ಕತ್ತಿನ ಹತ್ರ. ಅದಕ್ಕೆ ಕತ್ತು ಎರಡೂವರೆ ಸೆಂಟಿಮೀಟರಿಗಿಂತ ಸಣ್ಣಗೆ ಕತ್ತರಿಸಬೇಡಿ, ಹಿಂದುಗಡೆ ತಲೆಯಿಂದ ಹೊಟ್ಟೆವರೆಗೆ ಒಂದು ಪಟ್ಟಿ ಅಂಟಿಸಿ. ಸ್ಕೆಚ್ ಪೆನ್ ಮಳೆನೀರಿಗೆ ಹರಡುತ್ತೆ, ಕ್ರೇಯಾನ್ ಹರಡಲ್ಲ. ಲ್ಯಾಮಿನೇಷನ್ ಮಾಡಿಸಿದರೆ ತೂಕ ಹೆಚ್ಚು, ಚೂಪು ಮೂಲೆ ಲಕೋಟೆ ಸೀಳುತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ಬೆನ್ನಿನ ಮೇಲೆ ಆ ಕಡೆ ಮಕ್ಕಳು ಪೆನ್ನಲ್ಲಿ ಹೆಸರು ಬರೆಯೋಕಾಗಲ್ಲ.

ಡೈರಿಗೆ ನಾಲ್ಕು ಎ4 ಹಾಳೆ ನಡುವೆ ಮಡಚಿ ಎರಡು ಪಿನ್ ಹೊಡೆದರೆ 16 ಪುಟ. 80 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ 5 ಗ್ರಾಂ, ಒಟ್ಟು 20. ಮೇಲೊಂದು ಹಾಳೆ ಕಾಗದ, ಲಕೋಟೆ, ಗೊಂಬೆ ಎಲ್ಲ ಸೇರಿ 40 ಗ್ರಾಂ ಒಳಗೇ ಇರುತ್ತೆ. ದೇಶದೊಳಗೆ ಆದರೆ 20 ಗ್ರಾಂಗೆ 5 ರೂಪಾಯಿ ಲೆಕ್ಕದಲ್ಲಿ 10 ರೂಪಾಯಿ ಸ್ಟಾಂಪು. ವಿದೇಶಕ್ಕೆ ಹೆಡ್ ಪೋಸ್ಟಾಫೀಸಿಗೇ ಹೋಗಿ ತೂಕ ಹಾಕಿಸಿ. ಮೆಷಿನ್ ಲೇಬಲ್ ಬೇಡ, ಅಂಚೆಚೀಟಿಯೇ ಹಚ್ಚಿ ಅಂತ ಕೇಳಿ, ಆ ಮಕ್ಕಳು ಮೊದಲು ನೋಡೋದೇ ಅದನ್ನ. ವಿಳಾಸದ ಕೊನೇ ಸಾಲಲ್ಲಿ ದೇಶದ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಕನ್ನಡಾಭಿಮಾನ ಲಕೋಟೆ ಒಳಗೆ ತೋರಿಸೋಣ.

ಒಳಗೆ ಏನೇನು ತುರುಕ್ತಾರೆ ಅನ್ನೋದು ಇನ್ನೊಂದು ಕಥೆ. ತಾಜ್ ಮಹಲು ಬಿಟ್ಟು ನಮ್ಮೂರದು ಏನಾದರೂ ಕಳಿಸೋಣ ಅಂತ ಯಾರಿಗಾದರೂ ಹೊಳೆದರೆ, ನೇರ ರಾಗಿಕಾಳು ಅಂಟಿಸ್ತಾರೆ! ಬೀಜ, ಎಲೆ, ಮಣ್ಣು ಯಾವುದೂ ಹೋಗಬಾರದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ಕಡೆ ತಪಾಸಣೆಯಲ್ಲೇ ಹಿಡಿದು ನಾಶ ಮಾಡ್ತಾರೆ, ಜೊತೆಗೆ ಗೊಂಬೆಯೂ ಹೋಯ್ತು. ಹುಳು ಒಳಗಿರೋ ರೇಷ್ಮೆಗೂಡೂ ಅಷ್ಟೇ. ನವಿಲುಗರಿ ದೇಶದಿಂದ ಆಚೆ ಕಳಿಸೋದಕ್ಕೆ ನಮ್ಮಲ್ಲೇ ನಿಷೇಧ ಇದೆ. ನಾಣ್ಯ ಬೇಡ. ಬಳೆ, ಕುಂಕುಮದ ಡಬ್ಬಿ ಹಾಕಿದರೆ ಅದು ಕಾಗದಪತ್ರ ಅಲ್ಲ, ಸಾಮಾನು. ಕಸ್ಟಮ್ಸ್ ಫಾರಂ ತುಂಬಬೇಕು. ರಾಗಿ ತೋರಿಸಲೇಬೇಕಾ? ತೆನೆ ಪಕ್ಕ ಗೊಂಬೆ ಹಿಡಿದು ಚಿತ್ರ ಬರೆಸಿ. ಎಲೆ ಬೇಕಾದರೆ ಹಾಳೆ ಕೆಳಗಿಟ್ಟು ಮೇಲೆ ಕ್ರೇಯಾನ್ ಉಜ್ಜಿಸಿ, ನರ ನರವೂ ಮೂಡುತ್ತೆ.

‘ಮಕ್ಕಳ ಕೈಲಿ ಬರೆಸಿದರೆ ಸ್ಪೆಲ್ಲಿಂಗ್ ತಪ್ಪಿರುತ್ತೆ, ಶಾಲೆ ಮರ್ಯಾದೆ ಪ್ರಶ್ನೆ’ ಅಂತಲೂ ಕೇಳಿದೆ. ಆ ಕಡೆಯ ಮೂರನೇ ಕ್ಲಾಸಿನ ಮಕ್ಕಳೇನು ಪಂಡಿತರಾ? ಅವರ ಡೈರಿಯಲ್ಲೂ ಕಾಟು ಚಿತ್ತು ಇರುತ್ತೆ, ಅವರ ಮೇಷ್ಟ್ರು ಮುಚ್ಚಿಡಲ್ಲ. ಕನ್ನಡದಲ್ಲೇ ಬರೆಯಲಿ, ಮಿಸ್ಸು ಕೆಳಗೆ ಎರಡು ಸಾಲು ಇಂಗ್ಲಿಷ್ ಹಾಕಲಿ. ಮಿಸ್ಸಿನ ಪಾಲು ಅಷ್ಟಕ್ಕೇ ನಿಲ್ಲಲಿ.

ಇನ್ನು ಕಾಲ. ನಮ್ಮ ಶಾಲೆಗಳು ಬಾಗಿಲು ತೆಗೆದ ಉತ್ಸಾಹದಲ್ಲಿ ಜೂನಲ್ಲಿ ಕಳಿಸ್ತವೆ. ಅದು ತಲುಪೋ ಹೊತ್ತಿಗೆ ಕೆನಡಾ, ಅಮೆರಿಕದಲ್ಲಿ ಬೇಸಿಗೆ ರಜೆ, ಲಕೋಟೆ ಯಾರದೋ ಮೇಜಿನ ಮೇಲೆ ಧೂಳು ತಿನ್ನುತ್ತೆ. ಅವರು ಮಾರ್ಚ್ ಕೊನೆಗೆ ಕಳಿಸಿದ್ದು ನಮ್ಮ ಬೀಗ ಹಾಕಿದ ಗೇಟಿಗೆ ಬರುತ್ತೆ. ಆಗಸ್ಟ್ ಕೊನೆಗೆ ಪೋಸ್ಟ್ ಮಾಡಿದರೆ ಅಲ್ಲಿ ತರಗತಿ ಶುರುವಾಗಿರುತ್ತೆ, ವಾಪಸ್ ಬರೋ ಹೊತ್ತಿಗೆ ನಮ್ಮ ದಸರಾ ರಜೆ ಮುಗಿದಿರುತ್ತೆ. ಹೊರಡೋ ಮುಂಚೆ ಆ ದೇಶಕ್ಕೆ ಅಂಚೆ ಹೋಗ್ತಿದೆಯಾ ಅಂತ ಕೌಂಟರಲ್ಲಿ ವಿಚಾರಿಸಿ. 2025ರಲ್ಲಿ ಸುಂಕದ ನಿಯಮ ಬದಲಾಗಿ ಅಮೆರಿಕಕ್ಕೆ ನಮ್ಮ ಅಂಚೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನಿಂತೇ ಹೋಗಿತ್ತು.

ಸಾಧಾರಣ ಲಕೋಟೆಗೆ ಟ್ರ್ಯಾಕಿಂಗ್ ಇರಲ್ಲ. ಕಳಿಸೋ ಮುಂಚೆ ಹದಿನಾರೂ ಪುಟದ ಫೋಟೋ ಮೊಬೈಲಲ್ಲಿ ತೆಗೆದಿಟ್ಕೊಳ್ಳಿ. ಎರಡು ತಿಂಗಳಾದರೂ ತಲುಪಲಿಲ್ಲ ಅಂದ್ರೆ ಅದನ್ನೇ ಅಲ್ಲಿನ ಟೀಚರಿಗೆ ಇಮೇಲ್ ಮಾಡಿ. ಗೊಂಬೆ ಇನ್ನೊಂದು ಕತ್ತರಿಸೋಕೆ ಅವರಿಗೆ ಅರ್ಧ ಗಂಟೆ ಸಾಕು.